ದನಿಯನ್ನು ತಟ್ಟೆಗೆ ಇಳಿಸಿದ ಎಮಿಲ್ ಬರ್ಲಿನರ್

ಮಕ್ಕಳೇ, ಅಗಲವಾದ ಕಹಳೆಯ ಮುಂದೆ ಕುಳಿತು, ಕಿವಿ ನಿಮಿರಿಸಿ ಆಲಿಸುತ್ತಿರುವ ನಾಯಿಯ ಚಿತ್ರವನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ಹಳೆಯ ಹಾಡುಗಳ ಪೆಟ್ಟಿಗೆಯ ಮೇಲೆ ಆ ಚಿತ್ರ ಇರುತ್ತಿತ್ತು. ಕಹಳೆಯ ಕೆಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ. ಆ ಯಂತ್ರದ ಹೆಸರು ಗ್ರಾಮಫೋನ್. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ಕಪ್ಪು ಪ್ಲೇಟು ಹಾಕಿ ಹಾಡು ಕೇಳಿದ ನೆನಪನ್ನು ಅವರು ಹೇಳಬಹುದು.

ಆ ತಟ್ಟೆಯಲ್ಲಿ ಬ್ಯಾಟರಿ ಇಲ್ಲ, ತಂತಿ ಇಲ್ಲ. ಇರುವುದು ಒಂದು ಸಣ್ಣ ಗೀರು ಮಾತ್ರ. ಗೀರಿನಲ್ಲಿ ಹಾಡು ಅಡಗಿ ಕೂತದ್ದು ಹೇಗೆ? ಒಬ್ಬರು ಒಮ್ಮೆ ಹಾಡಿದ್ದು ಸಾವಿರಾರು ಮನೆಗಳಿಗೆ ತಲುಪಿದ್ದು ಹೇಗೆ? ಇದನ್ನು ತಿಳಿಯಲು, ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಮುಗಿಸಿ ದುಡಿಮೆಗೆ ಹೋದ ಒಬ್ಬ ಹುಡುಗನ ಕಥೆಯನ್ನು ನೀವು ಕೇಳಬೇಕು.

ಬಟ್ಟೆ ಅಂಗಡಿಯ ಹುಡುಗ

ಎಮಿಲ್ ಬರ್ಲಿನರ್ ಹುಟ್ಟಿದ್ದು 1851ರ ಮೇ 20ರಂದು, ಜರ್ಮನಿಯ ಹ್ಯಾನೋವರ್ ನಗರದಲ್ಲಿ. ತಂದೆ ವ್ಯಾಪಾರಿ. ಮನೆಯ ತುಂಬ ಮಕ್ಕಳು. ತಾಯಿಗೆ ಸಂಗೀತವೆಂದರೆ ಪ್ರೀತಿ. ಎಮಿಲ್ 1865ರಲ್ಲಿ ಶಾಲೆ ಮುಗಿಸಿದ. ಮುಂದೆ ಕಾಲೇಜಿಗೆ ಕಳಿಸುವಷ್ಟು ಅನುಕೂಲ ಮನೆಯಲ್ಲಿ ಇರಲಿಲ್ಲ. ಮೊದಲು ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದ. ಅನಂತರ ಬಟ್ಟೆ ಅಂಗಡಿ ಸೇರಿದ. ಅಲ್ಲಿ ದಿನವೂ ಬಟ್ಟೆಯ ನೇಯ್ಗೆಯನ್ನು ನೋಡಿ ನೋಡಿ, ನೇಯುವ ಯಂತ್ರ ಹೇಗಿದ್ದರೆ ಚೆನ್ನ ಎಂದು ಯೋಚಿಸಿ, ತಾನೇ ಒಂದು ಹೊಸ ಬಗೆಯ ಮಗ್ಗವನ್ನು ಕಲ್ಪಿಸಿದ.

1870ರಲ್ಲಿ ಜರ್ಮನಿಯ ರಾಜ್ಯಗಳಿಗೂ ಫ್ರಾನ್ಸಿಗೂ ಯುದ್ಧ ಹತ್ತಿರವಾಯಿತು. ತರುಣರನ್ನು ಸೈನ್ಯಕ್ಕೆ ಕರೆಯುವ ಕಾಲ ಅದು. ಮನೆಯವರ ಸ್ನೇಹಿತರೊಬ್ಬರು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಅಂಗಡಿ ಇಟ್ಟಿದ್ದರು. ತರುಣ ಎಮಿಲ್ ಹಡಗು ಹತ್ತಿ ಅಲ್ಲಿಗೆ ಹೋದ.

ಹೊಸ ದೇಶದಲ್ಲಿ ಬದುಕು ಸುಲಭವಾಗಿರಲಿಲ್ಲ. ಮೂರು ವರ್ಷಗಳ ಮೇಲೆ ಬರ್ಲಿನರ್ ನ್ಯೂಯಾರ್ಕಿಗೆ ಹೋದರು. ಸಿಕ್ಕ ಸಿಕ್ಕ ಕೆಲಸ ಮಾಡಿದರು. ಒಂದು ರಸಾಯನ ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ಕೆಲಸವೂ ಅವರ ಪಾಲಿಗೆ ಬಂತು. ಹಗಲು ದುಡಿತ. ರಾತ್ರಿ ಕೂಪರ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಗ್ರಂಥಾಲಯದಲ್ಲಿ ಓದು. ವಿದ್ಯುತ್ತು ಮತ್ತು ಶಬ್ದದ ವಿಷಯವನ್ನು ಅವರು ಹೀಗೆ ತಾವಾಗಿಯೇ ಕಲಿತರು.

ಒತ್ತಿದಷ್ಟೂ ಹರಿಯುವ ವಿದ್ಯುತ್ತು

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಯನ್ನು ಜನರಿಗೆ ತೋರಿಸಿದರು. ಆಗ ಬರ್ಲಿನರ್ ವಾಷಿಂಗ್ಟನ್‌ಗೆ ಮರಳಿ, ಮತ್ತೆ ಅಂಗಡಿಯ ಗುಮಾಸ್ತರಾಗಿದ್ದರು. ಬೆಲ್ ಅವರ ದೂರವಾಣಿಯಲ್ಲಿ ಒಂದು ಕೊರತೆ ಇತ್ತು. ಮಾತನಾಡುವವರ ದನಿ ಬಹಳ ಕ್ಷೀಣವಾಗಿ ಕೇಳುತ್ತಿತ್ತು.

ಒಂದು ದಿನ ತಂತಿ ಕಚೇರಿಯ ಪರಿಚಿತರೊಬ್ಬರಿಂದ ಬರ್ಲಿನರ್ ಒಂದು ಸಣ್ಣ ಸಂಗತಿ ಕಲಿತರು. ತಂತಿ ಕಳಿಸುವ ಕೀಲಿಯನ್ನು ಮೆಲ್ಲಗೆ ಒತ್ತಿದರೆ ಕಡಿಮೆ ವಿದ್ಯುತ್ತು ಹರಿಯುತ್ತದೆ, ಬಲವಾಗಿ ಒತ್ತಿದರೆ ಹೆಚ್ಚು ಹರಿಯುತ್ತದೆ. ಕೇಳಿದವರು ಮರೆತುಬಿಡಬಹುದಾದ ಮಾತು ಅದು. ಬರ್ಲಿನರ್ ಮರೆಯಲಿಲ್ಲ. ನಾವು ಮಾತನಾಡಿದಾಗ ಗಾಳಿ ನಡುಗುತ್ತದೆ. ಆ ನಡುಕವು ಒಂದು ತೆಳು ತಗಡನ್ನು ಒತ್ತುತ್ತದೆ, ಬಿಡುತ್ತದೆ. ಆ ತಗಡು ಇನ್ನೊಂದು ಲೋಹದ ತುಂಡಿಗೆ ತಾಗಿಕೊಂಡಿದ್ದರೆ, ಒತ್ತಡ ಏರಿಳಿದಂತೆ ವಿದ್ಯುತ್ತೂ ಏರಿಳಿಯಬೇಕಲ್ಲವೇ?

ಅವರು ಒಂದು ಸಾಬೂನಿನ ಮರದ ಪೆಟ್ಟಿಗೆಗೆ ಕಬ್ಬಿಣದ ತೆಳು ತಗಡು ಜೋಡಿಸಿ ಪ್ರಯೋಗ ಮಾಡಿದರು. ಯೋಚನೆ ಸರಿಯಾಗಿತ್ತು. ದನಿಗೆ ತಕ್ಕಂತೆ ವಿದ್ಯುತ್ತು ಕುಣಿಯಿತು! ಹೀಗೆ 1877ರಲ್ಲಿ ಅವರ ಮೈಕ್ರೊಫೋನ್ ತಯಾರಾಯಿತು. ಮರುವರ್ಷ ಬೆಲ್ ಅವರ ಕಂಪನಿ ಅದರ ಹಕ್ಕನ್ನು ಕೊಂಡುಕೊಂಡು, ಬರ್ಲಿನರ್ ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. ಅದೇ ಕಾಲದಲ್ಲಿ ಥಾಮಸ್ ಆಲ್ವ ಎಡಿಸನ್ ಕೂಡ ಇಂಥದೇ ಸಾಧನವನ್ನು ಮಾಡುತ್ತಿದ್ದರು. ಯಾರು ಮೊದಲು ಎಂಬ ವ್ಯಾಜ್ಯ ನ್ಯಾಯಾಲಯಗಳಲ್ಲಿ ಅನೇಕ ವರ್ಷ ನಡೆಯಿತು.

ಉರುಳೆಯೋ ತಟ್ಟೆಯೋ?

ಕೆಲವು ವರ್ಷಗಳ ನಂತರ ಬರ್ಲಿನರ್ ಬೆಲ್ ಕಂಪನಿ ಬಿಟ್ಟು, ಸ್ವತಂತ್ರವಾಗಿ ಸಂಶೋಧನೆಗೆ ತೊಡಗಿದರು. ಈಗ ಅವರ ಮನಸ್ಸನ್ನು ಹಿಡಿದದ್ದು ಶಬ್ದವನ್ನು ಬರೆದಿಡುವ ಸಮಸ್ಯೆ.

ಎಡಿಸನ್ 1877ರಲ್ಲೇ ಫೋನೋಗ್ರಾಫ್ ಮಾಡಿದ್ದರು. ಅದರಲ್ಲಿ ತಟ್ಟೆ ಇರಲಿಲ್ಲ. ತವರದ ತೆಳು ಹಾಳೆ ಸುತ್ತಿದ ಉರುಳೆ ಇತ್ತು. ದನಿಗೆ ನಡುಗುವ ಸೂಜಿ, ಆ ಹಾಳೆಯ ಮೇಲೆ ಆಳ ಕಡಿಮೆ ಆಳದ ಗುಳಿಗಳನ್ನು ಒತ್ತುತ್ತಿತ್ತು. ಅಂದರೆ ಸೂಜಿಯ ಚಲನೆ ಮೇಲಕ್ಕೆ, ಕೆಳಕ್ಕೆ. ಆಮೇಲೆ ಮೇಣದ ಉರುಳೆಗಳು ಬಂದವು. ಆದರೆ ಆ ಕಾಲದಲ್ಲಿ ಉರುಳೆಯ ಪ್ರತಿಗಳನ್ನು ರಾಶಿ ರಾಶಿಯಾಗಿ ಮಾಡುವುದು ಕಷ್ಟವಾಗಿತ್ತು. ಹೆಚ್ಚು ಉರುಳೆ ಬೇಕಾದರೆ ಗಾಯಕರು ಅದೇ ಹಾಡನ್ನು ಮತ್ತೆ ಮತ್ತೆ ಹಾಡಬೇಕಿತ್ತು. ಅವರ ಗಂಟಲಿನ ಗತಿ ಏನಾಗಿರಬೇಕು, ನೀವೇ ಊಹಿಸಿ!

ಬರ್ಲಿನರ್ ಅವರ ಗಮನ ಸೆಳೆದದ್ದು ಇನ್ನೂ ಹಳೆಯದಾದ ಒಂದು ಉಪಕರಣ. ಫ್ರಾನ್ಸಿನ ಲಿಯೊನ್ ಸ್ಕಾಟ್ 1857ರಲ್ಲಿ ಅದನ್ನು ಮಾಡಿದ್ದರು. ಮಸಿ ಹಿಡಿಸಿದ ಮೇಲ್ಮೈಯ ಮೇಲೆ ಒಂದು ಗಡುಸಾದ ಕೂದಲು, ದನಿಗೆ ತಕ್ಕಂತೆ ಆಡುತ್ತ ಅಲೆಯಲೆಯಾದ ಗೆರೆ ಎಳೆಯುತ್ತಿತ್ತು. ಆದರೆ ಆ ಗೆರೆಯನ್ನು ನೋಡಬಹುದಿತ್ತೇ ಹೊರತು ಕೇಳುವಂತಿರಲಿಲ್ಲ. ಈ ಗೆರೆಗೆ ಮತ್ತೆ ದನಿ ಬರಿಸಬೇಕು, ಅದೂ ಉರುಳೆಯ ಮೇಲಲ್ಲ, ಚಪ್ಪಟೆ ತಟ್ಟೆಯ ಮೇಲೆ. ಬರ್ಲಿನರ್ ಹಿಡಿದ ದಾರಿ ಇದು.

ತಟ್ಟೆಯೇ ಏಕೆ? ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಮಾಡುವುದನ್ನು ನೆನೆಯಿರಿ. ಅಚ್ಚಿನ ಮರದ ತುಂಡು ಒಂದೇ. ಅದರಿಂದ ಎಷ್ಟು ಗಿಳಿ, ಎಷ್ಟು ಆನೆ ಬೇಕಾದರೂ ತೆಗೆಯಬಹುದು. ಚಪ್ಪಟೆಯಾದ ವಸ್ತುವಿಗೆ ಅಚ್ಚು ಮಾಡಿ, ಒತ್ತಿ ತೆಗೆಯುವುದು ಸುಲಭ. ಒಮ್ಮೆ ಹಾಡಿದರೆ ಸಾಕು, ಸಾವಿರ ತಟ್ಟೆ ಒತ್ತಬಹುದು.

1887ರ ನವೆಂಬರ್ 8ರಂದು ಅವರಿಗೆ ಗ್ರಾಮಫೋನಿನ ಪೇಟೆಂಟ್ ದೊರೆಯಿತು. ಮುಂದೆ ಅವರು ರೂಪಿಸಿದ ವಿಧಾನವನ್ನು ಹಂತ ಹಂತವಾಗಿ ನೋಡೋಣ.

ಮೊದಲು ನುಣುಪಾದ ಸತುವಿನ ತಟ್ಟೆಯ ಮೇಲೆ ಜೇನುಮೇಣದ ತೆಳು ಪದರ ಹಚ್ಚುವುದು. ತಟ್ಟೆ ತಿರುಗುವಾಗ ಗಾಯಕರು ಕೊಳವೆಯೊಳಗೆ ಹಾಡುತ್ತಾರೆ. ಕೊಳವೆಯ ಕೊನೆಯಲ್ಲಿರುವ ಪೊರೆ ನಡುಗುತ್ತದೆ. ಪೊರೆಗೆ ಸೇರಿದ ಸೂಜಿ ಎಡಕ್ಕೆ ಬಲಕ್ಕೆ ಆಡುತ್ತ ಮೇಣವನ್ನು ಕೆರೆಯುತ್ತ ಹೋಗುತ್ತದೆ. ಗೀರು ಸೊಳ್ಳೆ ಬತ್ತಿಯ ಸುರುಳಿಯಂತೆ ಅಂಚಿನಿಂದ ಒಳಕ್ಕೆ ಸುತ್ತುತ್ತದೆ. ಅನಂತರ ತಟ್ಟೆಯನ್ನು ಕ್ರೋಮಿಕ್ ಆಮ್ಲದಲ್ಲಿ ಇಡುವುದು. ಮೇಣ ಇದ್ದಲ್ಲಿ ಆಮ್ಲ ಏನೂ ಮಾಡದು. ಮೇಣ ಕೆರೆದುಹೋದ ಗೀರಿನಲ್ಲಿ ಮಾತ್ರ ಸತುವನ್ನು ಕೊರೆಯುತ್ತದೆ. ಈಗ ಹಾಡು ಲೋಹದಲ್ಲಿ ಕೆತ್ತಿ ನಿಂತಂತಾಯಿತು! ಆ ತಟ್ಟೆಯ ಮೇಲೆ ವಿದ್ಯುತ್ ಲೇಪನದಿಂದ ಲೋಹವನ್ನು ದಪ್ಪವಾಗಿ ಬೆಳೆಸಿ ಬಿಡಿಸಿದರೆ ಅಚ್ಚು ಸಿಗುತ್ತದೆ. ತಟ್ಟೆಯಲ್ಲಿ ಗುಳಿ ಇದ್ದಲ್ಲಿ ಅಚ್ಚಿನಲ್ಲಿ ಏಣು. ಅದನ್ನು ಮೆತ್ತಗಿನ ವಸ್ತುವಿನ ಮೇಲೆ ಒತ್ತಿದರೆ ಹಾಡಿನ ತಟ್ಟೆ ಸಿದ್ಧ.

1888ರ ಮೇ 16ರಂದು ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಬರ್ಲಿನರ್ ತಮ್ಮ ಯಂತ್ರವನ್ನು ವಿದ್ವಾಂಸರ ಮುಂದೆ ನುಡಿಸಿ ತೋರಿಸಿದರು. ಮುಂದೊಂದು ದಿನ ಗಾಯಕರು ತಮ್ಮ ತಟ್ಟೆಗಳ ಮಾರಾಟದಿಂದಲೇ ಹಣ ಗಳಿಸುವರು ಎಂದೂ ಅಂದೇ ಹೇಳಿದರು. ಅದು ನಿಜವಾಯಿತು.

ಆಟಿಕೆಯಿಂದ ಅರಗಿನವರೆಗೆ

ಗ್ರಾಮಫೋನ್ ಮೊದಲು ಮಾರುಕಟ್ಟೆಗೆ ಬಂದದ್ದು ಮಕ್ಕಳ ಆಟಿಕೆಯಾಗಿ! ಜರ್ಮನಿಯ ಒಂದು ಆಟಿಕೆ ಕಂಪನಿ ಸುಮಾರು ಐದು ಅಂಗುಲದ ಪುಟ್ಟ ತಟ್ಟೆಗಳನ್ನೂ ಕೈಯಿಂದ ತಿರುಗಿಸುವ ಯಂತ್ರವನ್ನೂ ಮಾಡಿತು. ಅಮೆರಿಕದಲ್ಲಿ ಬರ್ಲಿನರ್ ಅವರ ಕಂಪನಿ ಏಳು ಅಂಗುಲದ ತಟ್ಟೆಗಳನ್ನು ಮಾರಿತು. ಒಂದು ತಟ್ಟೆಯಲ್ಲಿ ಸುಮಾರು ಎರಡು ನಿಮಿಷದ ಹಾಡು, ಅದೂ ಒಂದೇ ಬದಿಯಲ್ಲಿ.

ತಟ್ಟೆಯನ್ನು ಯಾವ ವಸ್ತುವಿನಿಂದ ಮಾಡಬೇಕು? ಗಟ್ಟಿ ರಬ್ಬರಿನ ತಟ್ಟೆಗಳಲ್ಲಿ ಗೀರು ಎಲ್ಲ ಕಡೆ ಸಮವಾಗಿ ಮೂಡುತ್ತಿರಲಿಲ್ಲ. 1895ರ ಸುಮಾರಿಗೆ ಅಂಗಿಯ ಗುಂಡಿ ಮಾಡುವ ಒಂದು ಕಾರ್ಖಾನೆಯ ವಸ್ತು ಇದಕ್ಕೆ ಒದಗಿತು. ಅದರಲ್ಲಿ ಮುಖ್ಯವಾಗಿ ಇದ್ದದ್ದು ಅರಗು. ಅರಗು ನಿಮಗೆ ಹೊಸದಲ್ಲ. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆ ಕೇಳಿದ್ದೀರಿ. ಚನ್ನಪಟ್ಟಣದ ಬೊಂಬೆಗಳ ಮೇಲಿನ ಹೊಳಪು ಬಣ್ಣವೂ ಅರಗಿನದೇ. ಮರದ ಕೊಂಬೆಗಳ ಮೇಲೆ ವಾಸಿಸುವ ಅರಗಿನ ಹುಳುಗಳು ಒಸರುವ ವಸ್ತು ಇದು. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಅಚ್ಚೊತ್ತಲು ಇದಕ್ಕಿಂತ ಇನ್ನೇನು ಬೇಕು? ಅರಗಿಗೆ ನುಣ್ಣಗಿನ ಕಲ್ಲಿನ ಪುಡಿ ಮುಂತಾದವನ್ನು ಬೆರೆಸಿ ತಟ್ಟೆ ಒತ್ತುತ್ತಿದ್ದರು. ಲೋಕಕ್ಕೆಲ್ಲ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ಭಾರತದಿಂದ. ಆ ತಟ್ಟೆ ಕೈ ಜಾರಿ ಬಿದ್ದರೆ ಮಾತ್ರ ಹೆಂಚಿನಂತೆ ಒಡೆಯುತ್ತಿತ್ತು.

ಇನ್ನೊಂದು ತೊಡಕು ವೇಗದ್ದು. ಕೈಯಿಂದ ತಿರುಗಿಸುವಾಗ ವೇಗ ಒಂದೇ ಸಮನಾಗಿರದು. ನಿಧಾನವಾದರೆ ಹೆಣ್ಣಿನ ದನಿ ಗಂಡಿನ ದನಿಯಂತೆ ದಪ್ಪವಾಗುತ್ತದೆ. ಜೋರಾದರೆ ಗಂಡಿನ ದನಿ ಕೀಚಲಾಗುತ್ತದೆ. ಎಲ್ಡ್ರಿಜ್ ಜಾನ್ಸನ್ ಎಂಬ ಯಂತ್ರ ಕುಶಲಿ 1896ರಲ್ಲಿ ಇದಕ್ಕೆ ಒಳ್ಳೆಯ ಸ್ಪ್ರಿಂಗ್ ಮೋಟಾರು ಮಾಡಿಕೊಟ್ಟರು. ಗಡಿಯಾರಕ್ಕೆ ಕೀಲಿ ಕೊಡುವಂತೆ ಕೀಲಿ ಕೊಟ್ಟರಾಯಿತು, ತಟ್ಟೆ ಒಂದೇ ವೇಗದಲ್ಲಿ ತಿರುಗುತ್ತದೆ. ಈಗ ಗ್ರಾಮಫೋನ್ ನಿಜವಾಗಿ ಮನೆಯ ವಸ್ತುವಾಯಿತು.

ತನ್ನ ಯಂತ್ರವನ್ನೇ ಮಾರುವಂತಿಲ್ಲ!

ಆದರೆ ಗೆಲುವಿನ ಬೆನ್ನಲ್ಲೇ ಪೆಟ್ಟು ಬಿತ್ತು. ಬರ್ಲಿನರ್ ಅವರಿಗೂ ಗ್ರಾಮಫೋನ್ ಮಾರಾಟ ಮಾಡಿಕೊಡುತ್ತಿದ್ದ ವರ್ತಕರಿಗೂ ಜಗಳ ಹುಟ್ಟಿತು. ಮಾತು ನ್ಯಾಯಾಲಯಕ್ಕೆ ಹೋಯಿತು. 1900ರ ಜೂನ್‌ನಲ್ಲಿ ನ್ಯಾಯಾಲಯದ ತಡೆಯಾಜ್ಞೆಯಿಂದಾಗಿ ಬರ್ಲಿನರ್ ಅಮೆರಿಕದಲ್ಲಿ ತಮ್ಮದೇ ಗ್ರಾಮಫೋನನ್ನು ಮಾರುವಂತಿರಲಿಲ್ಲ! ನೀವು ಬೆಳೆಸಿದ ಮಾವಿನ ಗಿಡದ ಹಣ್ಣನ್ನು ನೀವೇ ಕೀಳಬಾರದು ಎಂದರೆ ಹೇಗಾದೀತು?

ಬರ್ಲಿನರ್ ಕೈಚೆಲ್ಲಿ ಕೂರಲಿಲ್ಲ. ಪಕ್ಕದ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಕಂಪನಿ ನಡೆಸಿದರು. ಅಮೆರಿಕದಲ್ಲಿ ಜಾನ್ಸನ್ 1901ರಲ್ಲಿ ವಿಕ್ಟರ್ ಎಂಬ ಕಂಪನಿ ಕಟ್ಟಿ, ತಟ್ಟೆಯ ಕೆಲಸವನ್ನು ಮುಂದುವರಿಸಿದರು. ಲಂಡನ್ನಿನಲ್ಲೂ ಹುಟ್ಟೂರಾದ ಹ್ಯಾನೋವರ್‌ನಲ್ಲೂ 1898ರಲ್ಲೇ ಕಂಪನಿಗಳು ಆರಂಭವಾಗಿದ್ದವು. ಹ್ಯಾನೋವರ್‌ನ ಕಾರ್ಖಾನೆಯನ್ನು ಬರ್ಲಿನರ್ ಅವರ ಸಹೋದರ ಜೋಸೆಫ್ ನೋಡಿಕೊಳ್ಳುತ್ತಿದ್ದರು. ಮೊದಲಲ್ಲಿ ಹೇಳಿದ ನಾಯಿಯ ಚಿತ್ರ ನೆನಪಿದೆಯೇ? ಅದನ್ನು ಬರೆದವರು ಇಂಗ್ಲೆಂಡಿನ ಚಿತ್ರಕಾರ ಫ್ರಾನ್ಸಿಸ್ ಬರೌಡ್. ನಾಯಿಯ ಹೆಸರು ನಿಪ್ಪರ್. ಆ ಚಿತ್ರವನ್ನು ಬರ್ಲಿನರ್ 1900ರಲ್ಲಿ ಅಮೆರಿಕದಲ್ಲಿ ತಮ್ಮ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿದರು. ಒಂದು ತಮಾಷೆ ಕೇಳಿ. ಗ್ರಾಮಫೋನ್ ಎಂಬ ಹೆಸರು ಇಂಗ್ಲೆಂಡ್, ಭಾರತಗಳಲ್ಲಿ ಮನೆಮಾತಾಯಿತು. ಅದು ಹುಟ್ಟಿದ ಅಮೆರಿಕದಲ್ಲಿ ಮಾತ್ರ ಬಳಕೆಯಿಂದ ಬಿದ್ದುಹೋಯಿತು!

ಕಲ್ಕತ್ತದಿಂದ ಹ್ಯಾನೋವರ್, ಹ್ಯಾನೋವರ್‌ನಿಂದ ನಮ್ಮ ಮನೆಗೆ

ಬರ್ಲಿನರ್ ಅವರ ಬಳಿ ಕೆಲಸ ಕಲಿತ ಫ್ರೆಡ್ ಗೈಸ್‌ಬರ್ಗ್ ಎಂಬ ತರುಣ, ಲಂಡನ್ ಕಂಪನಿಯ ಪರವಾಗಿ 1902ರಲ್ಲಿ ಕಲ್ಕತ್ತಕ್ಕೆ ಬಂದರು. ಆ ವರ್ಷದ ನವೆಂಬರ್‌ನಲ್ಲಿ ಅವರು ದನಿಮುದ್ರಿಸಿಕೊಂಡ ಭಾರತೀಯ ಕಲಾವಿದರಲ್ಲಿ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಒಬ್ಬರು. ಗಂಟೆಗಟ್ಟಲೆ ಹಾಡಬಲ್ಲ ರಾಗವನ್ನು ಅವರು ಮೂರು ನಿಮಿಷಗಳ ಒಳಗೆ ಹಾಡಿ ಮುಗಿಸಬೇಕಿತ್ತು. ಮುಗಿಸಿದ ಮೇಲೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುತ್ತಿದ್ದರು. ದೂರದ ಹ್ಯಾನೋವರ್‌ನಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರ ಹಾಡು ಎಂದು ಗೊತ್ತಾಗಲಿ ಎಂದು ಹೀಗೆ ಹೇಳಿಸುತ್ತಿದ್ದರಂತೆ. ಕಲ್ಕತ್ತದ ದನಿ ಹಡಗೇರಿ ಬರ್ಲಿನರ್ ಅವರ ಹುಟ್ಟೂರಿಗೆ ಹೋಗಿ, ತಟ್ಟೆಯಾಗಿ ಮರಳಿ ಭಾರತಕ್ಕೆ ಬಂತು. ಅದುವರೆಗೆ ಅರಮನೆ, ಸಿರಿವಂತರ ಮನೆಗಳಲ್ಲಿ ಮಾತ್ರ ಕೇಳುತ್ತಿದ್ದ ಸಂಗೀತ ಈಗ ಗ್ರಾಮಫೋನ್ ಇದ್ದವರ ಮನೆಯಲ್ಲೂ ಕೇಳತೊಡಗಿತು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅವರು ಅಲ್ಲೇ ತೀರಿಕೊಂಡರು. ಅವರ ದನಿ ಮಾತ್ರ ಇಂದಿಗೂ ಉಳಿದಿದೆ.

ಮಗಳ ಕಾಯಿಲೆ ಕಲಿಸಿದ ಪಾಠ

ನ್ಯಾಯಾಲಯದ ಕಷ್ಟ ಬಂದ ದಿನಗಳಲ್ಲೇ ಬರ್ಲಿನರ್ ಅವರ ಮನೆಯಲ್ಲೂ ಆತಂಕ ಕವಿದಿತ್ತು. ಪುಟ್ಟ ಮಗಳು ಆಲಿಸ್‌ಗೆ ಹೊಟ್ಟೆಯ ಕಾಯಿಲೆ ಹತ್ತಿ ಜೀವಕ್ಕೇ ಅಪಾಯ ಬಂದಿತ್ತು. ಮಗು ಬದುಕಿಕೊಂಡಿತು. ಆದರೆ ಕಾಯಿಲೆ ಬಂದದ್ದೇಕೆ ಎಂದು ತಂದೆ ಹುಡುಕತೊಡಗಿದರು. ಕಾಯಿಸದ ಹಸಿ ಹಾಲಿನಿಂದ ಎಷ್ಟೋ ಮಕ್ಕಳು ಕಾಯಿಲೆ ಬಿದ್ದು ಸಾಯುತ್ತಿದ್ದಾರೆ ಎಂಬುದು ಅವರಿಗೆ ಮನವರಿಕೆಯಾಯಿತು. ಆಗಿನ ಅಮೆರಿಕದಲ್ಲಿ ಅನೇಕರು ಹಾಲನ್ನು ಹಸಿಯಾಗಿಯೇ ಕುಡಿಯುತ್ತಿದ್ದರು.

ಅಂದಿನಿಂದ ಬರ್ಲಿನರ್ ಹಾಲನ್ನು ಬಿಸಿ ಮಾಡಿ ರೋಗಾಣುಗಳನ್ನು ಕೊಲ್ಲಬೇಕು ಎಂದು ಊರಿಗೆಲ್ಲ ಸಾರಿದರು. ಪತ್ರಿಕೆಗಳಲ್ಲಿ ಬರೆದರು, ಸಂಘ ಕಟ್ಟಿದರು, ಒಳ್ಳೆಯ ಹಾಲಿಗಾಗಿ ಕಾನೂನು ಬೇಕೆಂದು ಹೋರಾಡಿದರು. ಶುಚಿತ್ವದ ಬಗ್ಗೆ ಮಕ್ಕಳಿಗಾಗಿ ಪದ್ಯಗಳನ್ನೂ ಬರೆದು, ಚಿತ್ರಗಳೊಡನೆ 1919ರಲ್ಲಿ ಪುಸ್ತಕ ಮಾಡಿದರು. ನಮ್ಮ ಮನೆಗಳಲ್ಲಿ ಹಾಲು ಉಕ್ಕುವವರೆಗೆ ಕಾಯಿಸುವುದರ ಹಿಂದೆ ಇರುವುದೂ ಇದೇ ವಿಜ್ಞಾನ. ತಾಯಿಯ ಹೆಸರಿನಲ್ಲಿ ಅವರು ವಿಜ್ಞಾನ ಕಲಿಯುವ ಮಹಿಳೆಯರಿಗಾಗಿ 1908ರಲ್ಲಿ ಒಂದು ಸಂಶೋಧನಾ ವೇತನವನ್ನೂ ಏರ್ಪಡಿಸಿದರು. ತಾವು ಕಾಲೇಜು ಕಾಣದಿದ್ದರೂ ಇತರರ ಓದಿಗೆ ನೆರವಾದರು.

ಮೈಕ್ರೊಫೋನೂ ತಟ್ಟೆಯೂ ಜೊತೆಯಾದಾಗ

ಮಕ್ಕಳೇ, ಒಂದು ಸಂಗತಿ ಗಮನಿಸಿದಿರಾ? ಬರ್ಲಿನರ್ ಮೊದಲು ಮಾಡಿದ್ದು ಮೈಕ್ರೊಫೋನ್, ಆಮೇಲೆ ಮಾಡಿದ್ದು ತಟ್ಟೆ. ಆದರೆ ಸುಮಾರು ನಲವತ್ತು ವರ್ಷ ಇವೆರಡೂ ಬೇರೆ ಬೇರೆಯಾಗಿಯೇ ಉಳಿದವು. ಗಾಯಕರು ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಏಕೆಂದರೆ ಮೈಕ್ರೊಫೋನಿನ ಸಣ್ಣ ವಿದ್ಯುತ್ತಿಗೆ ಗೀರು ಕೊರೆಯುವ ಶಕ್ತಿ ಇರಲಿಲ್ಲ.

ಆ ಶಕ್ತಿ ಕೊಟ್ಟದ್ದು ವಾಲ್ವ್. ಇದು ಬಲ್ಬಿನಂತೆ ಕಾಣುವ, ಗಾಳಿ ತೆಗೆದ ಗಾಜಿನ ಕೊಳವೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಮೂರು ಭಾಗಗಳ ವಾಲ್ವ್ ಮಾಡಿದರು. ಒಳಗೆ ಕಾಯ್ದ ತಂತಿಯಿಂದ ಎಲೆಕ್ಟ್ರಾನುಗಳು ಹೊಮ್ಮಿ ಎದುರಿನ ಫಲಕಕ್ಕೆ ಹರಿಯುತ್ತವೆ. ನಡುವೆ ಒಂದು ಜಾಲರಿ ಇರುತ್ತದೆ. ಕೆರೆಯ ತೂಬನ್ನು ಸ್ವಲ್ಪ ಎತ್ತಿಳಿಸಿದರೆ ಕಾಲುವೆಯ ನೀರೆಲ್ಲ ಏರಿಳಿಯುವುದಿಲ್ಲವೇ? ಹಾಗೆಯೇ ಜಾಲರಿಗೆ ಕೊಟ್ಟ ಸಣ್ಣ ವಿದ್ಯುತ್ ಸಂಕೇತವು ದೊಡ್ಡ ಹರಿವನ್ನು ಅದೇ ತಾಳಕ್ಕೆ ಕುಣಿಸುತ್ತದೆ. ಇದೇ ಧ್ವನಿವರ್ಧನೆ.

1925ರಲ್ಲಿ ಮೈಕ್ರೊಫೋನ್ ಮತ್ತು ವಾಲ್ವ್ ಸೇರಿಸಿ ತಟ್ಟೆ ಮುದ್ರಿಸುವ ಪದ್ಧತಿ ಬಳಕೆಗೆ ಬಂತು. ಆ ಮೈಕ್ರೊಫೋನ್ ಬರ್ಲಿನರ್ ಮಾಡಿದ ಬಗೆಯದಲ್ಲ, ಬೇರೆ ಸುಧಾರಿತ ಬಗೆಯದು. ಆದರೂ ಅವರು ತಾರುಣ್ಯದಲ್ಲಿ ಹಿಡಿದ ಎರಡು ದಾರಿಗಳು ಒಂದಾದದ್ದನ್ನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಕಂಡರು. ಪಿಸುಮಾತೂ ಈಗ ತಟ್ಟೆಯಲ್ಲಿ ಕೇಳುವಂತಾಯಿತು.

1929ರ ಆಗಸ್ಟ್ 3ರಂದು ಬರ್ಲಿನರ್ ವಾಷಿಂಗ್ಟನ್‌ನಲ್ಲಿ ನಿಧನರಾದರು. ಅವರ ನಂತರ ತಟ್ಟೆ ಬದಲಾಗುತ್ತ ಹೋಯಿತು. 1948ರಲ್ಲಿ ಅರಗಿನ ಬದಲು ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹನ್ನೆರಡು ಅಂಗುಲದ ತಟ್ಟೆ ಬಂತು. ಅದು ಸುಲಭವಾಗಿ ಒಡೆಯದು. ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡು. ಆಮೇಲೆ ಕ್ಯಾಸೆಟ್ಟು, ಸಿ.ಡಿ., ಮೊಬೈಲು ಬಂದವು. ಆದರೂ ಇಂದಿಗೂ ಅನೇಕರು ಮನೆಯಲ್ಲಿ ವಿನೈಲ್ ತಟ್ಟೆಯನ್ನೂ ವಾಲ್ವ್ ವರ್ಧಕವನ್ನೂ ಜೋಡಿಸಿ ಹಾಡು ಕೇಳುತ್ತಾರೆ. ತಟ್ಟೆ ತಿರುಗುತ್ತದೆ, ಸೂಜಿ ಗೀರಿನಲ್ಲಿ ನಡುಗುತ್ತದೆ. ಆ ನಡುಕದಿಂದ ಆಯಸ್ಕಾಂತ ಮತ್ತು ತಂತಿ ಸುರುಳಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತವೆ, ವಾಲ್ವ್ ಅದನ್ನು ಬಲಗೊಳಿಸುತ್ತದೆ, ಸ್ಪೀಕರ್ ಅದನ್ನು ಮತ್ತೆ ದನಿಯಾಗಿಸುತ್ತದೆ.

ನೀವೂ ಮಾಡಿ ನೋಡಿ

ಒಂದು ಬಟ್ಟಲಿನ ಬಾಯಿಗೆ ಕತ್ತರಿಸಿದ ಬಲೂನನ್ನು ಬಿಗಿಯಾಗಿ ಕಟ್ಟಿ. ಅದರ ಮೇಲೆ ನಾಲ್ಕಾರು ರಾಗಿ ಕಾಳು ಹಾಕಿ. ಹತ್ತಿರದಿಂದ ಜೋರಾಗಿ ಹಾಡಿ. ಉಸಿರು ಕಾಳಿಗೆ ತಾಗದಿರಲಿ. ಕಾಳುಗಳು ಕುಣಿಯುವುದನ್ನು ಕಾಣುವಿರಿ. ಬರ್ಲಿನರ್ ಸೂಜಿಯನ್ನು ಆಡಿಸಿದ್ದು ಇದೇ ನಡುಕ.

ಇನ್ನೊಂದು ಪ್ರಯೋಗಕ್ಕೆ ಗೆಳೆಯರ ಜೊತೆ ಬೇಕು. ನೀವು ಪೆನ್ಸಿಲನ್ನು ಕಾಗದದ ಮೇಲೆ ಒಂದೇ ಜಾಗದಲ್ಲಿ ಎಡಕ್ಕೆ ಬಲಕ್ಕೆ ಆಡಿಸುತ್ತಿರಿ. ಗೆಳೆಯ ಕಾಗದವನ್ನು ನಿಮ್ಮ ಕಡೆಯಿಂದ ತನ್ನ ಕಡೆಗೆ ನಿಧಾನವಾಗಿ ಎಳೆಯಲಿ. ಅಲೆಯಂಥ ಗೆರೆ ಮೂಡುತ್ತದೆ. ಬೇಗ ಬೇಗ ಆಡಿಸಿದರೆ ಅಲೆಗಳು ಹತ್ತಿರ ಹತ್ತಿರ ಬರುತ್ತವೆ. ಗ್ರಾಮಫೋನ್ ತಟ್ಟೆಯ ಗೀರನ್ನು ಭೂತಗನ್ನಡಿಯಲ್ಲಿ ನೋಡಿದರೂ ಇಂಥದೇ ಗೆರೆ ಕಾಣುತ್ತದೆ. ತಂತಿ ಕಚೇರಿಯಲ್ಲಿ ಕೇಳಿದ ಒಂದು ಮಾತು, ಮಸಿಯ ಮೇಲೆ ಮೂಡಿದ ಒಂದು ಗೆರೆ, ಇಂಥ ಸಣ್ಣ ಸಂಗತಿಗಳನ್ನು ಬರ್ಲಿನರ್ ಕಡೆಗಣಿಸಲಿಲ್ಲ. ನಿಮ್ಮ ಸುತ್ತ ಇಂದು ನೀವು ಕಂಡ ಸಣ್ಣ ಸಂಗತಿ ಯಾವುದು? ಅದನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ.